ನಮ್ಮವರ ನಂಬರೇ ಆದರೂ ಕೇಳಿಯೇ ಕೊಡಿ

ಓದುಗರ ಪತ್ರ: ಸಕಲೇಶಪುರ ಕಡೆಯ ಒಂದು ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಬಳಗ ನೋಡಿಕೊಳ್ಳುತ್ತಿದ್ದೇನೆ. ಗುರುವಂದನೆಗೆ ಅಂತ ಎಲ್ಲರ ಹೆಸರು, ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನ, ರಕ್ತದ ಗುಂಪು ಸೇರಿಸಿ ಗೂಗಲ್ ಶೀಟ್ ಮಾಡಿ, ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಈಗ ನಮ್ಮ ಬ್ಯಾಚಿನ ಒಬ್ಬ ಹೆಣ್ಣುಮಗಳು, ಗೊತ್ತಿಲ್ಲದವರಿಂದ ಫೋನ್ ಬರುತ್ತಿದೆ, ನನ್ನ ವಿವರ ತೆಗೆಯಿರಿ ಅನ್ನುತ್ತಿದ್ದಾರೆ. ಉಳಿದವರು 'ಎಲ್ಲಾ ನಮ್ಮವರೇ ಅಲ್ವಾ' ಅಂತಾರೆ. ಇದೇ ಪಟ್ಟಿ ಸ್ಮರಣ ಸಂಚಿಕೆಯಲ್ಲೂ ಅಚ್ಚಾಗಬೇಕು. ಏನು ಮಾಡಲಿ?

ಸಂಪಾದಕರ ಉತ್ತರ:

ಗೆಳೆಯರೇ, ಮೊದಲು ಅವರ ವಿವರ ತೆಗೆಯಿರಿ. ಇವತ್ತೇ ತೆಗೆಯಿರಿ. ಕಾರಣ ಕೇಳಬೇಡಿ. ಗ್ರೂಪಿನಲ್ಲಿ ಚರ್ಚೆಗೂ ಇಡಬೇಡಿ. ತನ್ನ ನಂಬರ್ ಬೇಡ ಅಂದವರು ಅದಕ್ಕೆ ಸಮಜಾಯಿಷಿ ಕೊಡಬೇಕಾಗಿಲ್ಲ.

ಆಮೇಲೆ 'ನಮ್ಮವರೇ' ಅನ್ನುವ ಮಾತು. ಇದು ಪ್ರೀತಿಯಿಂದ ಬರುವ ಮಾತು, ನನಗೆ ಗೊತ್ತು. ಆದರೆ ಮೂವತ್ತು ವರ್ಷದ ಹಿಂದೆ ಒಂದೇ ಬೆಂಚಿನಲ್ಲಿ ಕೂತವರು ಈಗ ಎಲ್ಲೆಲ್ಲೋ ಇದ್ದಾರೆ, ಯಾರ ಬದುಕು ಹೇಗೆ ತಿರುಗಿದೆ ಅಂತ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಆ ಪಟ್ಟಿಯಲ್ಲಿರುವ ಯಾರೋ ಒಬ್ಬರಿಗೆ ತನ್ನ ಮನೆ ಎಲ್ಲಿದೆ ಅಂತ ತಿಳಿಯಬಾರದು ಅಂತ ಇನ್ನೊಬ್ಬರಿಗೆ ಇರಬಹುದು. ಅದನ್ನು ಅವರು ಗ್ರೂಪಿನಲ್ಲಿ ಬಾಯಿಬಿಟ್ಟು ಹೇಳಲಾರರು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಜಾಸ್ತಿ. ಅವರು ನಿಮಗೆ ನಂಬರ್ ಕೊಟ್ಟಿದ್ದು ಗುರುವಂದನೆಗೆ ಕರೆಯಲಿ ಅಂತ. ಅಷ್ಟಕ್ಕೇ ಕೊಟ್ಟಿದ್ದು.

ಹಳೆ ವಿದ್ಯಾರ್ಥಿಗಳ ಪಟ್ಟಿ ಮೋಸಗಾರರ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ಯೋಚನೆ ಮಾಡಿ. ಬರೀ ನಂಬರಲ್ಲ ಅದು. ಯಾವ ಶಾಲೆ, ಯಾವ ಬ್ಯಾಚು, ಜೊತೆಯಲ್ಲಿ ಯಾರಿದ್ದರು, ಎಲ್ಲಾ ಅದರಲ್ಲಿದೆ. 'ಲೋ, ನಾನು ಕಣೋ, ನಿನ್ನ ಕ್ಲಾಸಿನವನು, ಹಾಸನದ ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟಾಗಿ ದುಡ್ಡು ಹಾಕು' ಅಂತ ಮೆಸೇಜ್ ಬಂದರೆ ನಂಬದೇ ಇರುವುದು ಕಷ್ಟ. ಹುಟ್ಟಿದ ದಿನ, ಓದಿದ ಶಾಲೆ, ಇವೆಲ್ಲ ಕೆಲವು ಕಡೆ ಪಾಸ್‌ವರ್ಡ್ ಮರೆತಾಗ ಕೇಳುವ ಪ್ರಶ್ನೆಗಳು ಕೂಡ. ನಿಮ್ಮ ಶೀಟಿನಲ್ಲಿ ನಿವೃತ್ತ ಮೇಷ್ಟ್ರುಗಳ ನಂಬರೂ ಇರಬೇಕಲ್ಲ? ವಯಸ್ಸಾದವರನ್ನು ಹೆದರಿಸಿ ಪಿಂಚಣಿ ದುಡ್ಡು ಕಿತ್ತುಕೊಳ್ಳುವ 'ಡಿಜಿಟಲ್ ಅರೆಸ್ಟ್' ಕಾಲ ಇದು. ಅವರ ಪಾದ ತೊಳೆದು ಶಾಲು ಹೊದಿಸುವ ನಾವು ಅವರ ನಂಬರನ್ನೂ ಅಷ್ಟೇ ಗೌರವದಿಂದ ಇಟ್ಟುಕೊಳ್ಳಬೇಕು. ಯಾರಾದರೂ ಈಗಾಗಲೇ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ.

ಈಗ ಶೀಟು. ನೀವು ಲಿಂಕ್ ಹಾಕಿದ್ದು ಗ್ರೂಪಿಗೆ ಮಾತ್ರ, ನಿಜ. ಆದರೆ ಹಂಚಿಕೆಯ ಜಾಗದಲ್ಲಿ 'ಎನಿವನ್ ವಿತ್ ದಿ ಲಿಂಕ್' ಅಂತ ಇದ್ದರೆ ಆ ಲಿಂಕ್ ಫಾರ್ವರ್ಡ್ ಆದ ಕಡೆಯೆಲ್ಲ ಪಟ್ಟಿ ತೆರೆಯುತ್ತದೆ, ಗ್ರೂಪು ಬಿಟ್ಟುಹೋದವರಿಗೂ ತೆರೆಯುತ್ತದೆ. ಅದನ್ನು 'ರಿಸ್ಟ್ರಿಕ್ಟೆಡ್' ಮಾಡಿ, ಕೆಲಸ ಮಾಡುವ ಇಬ್ಬರು ಮೂವರ ಇಮೇಲ್ ಮಾತ್ರ ಸೇರಿಸಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಒಂದು ಸಾಲು ಅಳಿಸಿದರೂ ಶೀಟಿನ ವರ್ಷನ್ ಹಿಸ್ಟರಿಯಲ್ಲಿ ಅದು ಉಳಿದಿರುತ್ತದೆ, ತಿದ್ದುವ ಅನುಮತಿ ಇರುವವರು ಹಿಂದಕ್ಕೆ ಹೋಗಿ ನೋಡಬಹುದು. ಹಾಗಾಗಿ ಬೇಕಾದ ವಿವರ ಮಾತ್ರ ಹೊಸ ಶೀಟಿಗೆ ಹಾಕಿಕೊಂಡು ಹಳೆಯದನ್ನು ಪೂರ್ತಿ ಅಳಿಸಿ, ಟ್ರ್ಯಾಶ್‌ನಿಂದಲೂ ತೆಗೆಯಿರಿ. ಈಗಾಗಲೇ ಡೌನ್‌ಲೋಡ್ ಮಾಡಿಕೊಂಡವರಿಗೆ ಅಳಿಸಿ ಅಂತ ಕೇಳಿಕೊಳ್ಳುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಮುಂದೆ ವಿವರ ಬೇಕಾದರೆ ಗೂಗಲ್ ಫಾರ್ಮ್ ಸಾಕು. ಒಬ್ಬರು ತುಂಬಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ.

ಹುಟ್ಟಿದ ದಿನ ಯಾಕೆ ಬೇಕು? ಶುಭಾಶಯ ಹೇಳುವುದಕ್ಕೆ ಅಂದರೆ ದಿನ, ತಿಂಗಳು ಸಾಕು, ಇಸವಿ ಬೇಡ. ಮನೆ ವಿಳಾಸ ಬೇಡವೇ ಬೇಡ, ಊರಿನ ಹೆಸರು ಸಾಕು. ಆಮಂತ್ರಣ ಅಂಚೆಯಲ್ಲಿ ಕಳಿಸಬೇಕಾದವರ ವಿಳಾಸ ಬೇರೆ ಕಡೆ ಬರೆದಿಟ್ಟು, ಕಾರ್ಯಕ್ರಮ ಮುಗಿದ ಮೇಲೆ ಹರಿದು ಹಾಕಿ.

ರಕ್ತದ ಗುಂಪಿನ ಪಟ್ಟಿ ಮಾತ್ರ ಇರಲಿ ಅಂತ ನನ್ನ ಅಭಿಪ್ರಾಯ. ನಮ್ಮ ಮಲೆನಾಡಿನ ಕಡೆ ರಾತ್ರಿ ಹೊತ್ತಲ್ಲಿ ರಕ್ತ ಬೇಕು ಅಂದರೆ ಈ ಬಳಗಗಳೇ ಓಡಿಬರುವುದು. ಆದರೆ ಕೊಡುವುದಕ್ಕೆ ಮನಸ್ಸಿರುವವರ ಹೆಸರು ಮಾತ್ರ ಅದರಲ್ಲಿ ಇರಲಿ, ಪಟ್ಟಿ ಒಬ್ಬರ ಹತ್ತಿರ ಇರಲಿ. ರಕ್ತ ಬೇಕು ಅಂತ ಯಾರಾದರೂ ಕೇಳಿದಾಗ ದಾನಿಯ ನಂಬರನ್ನು ಅವರಿಗೆ ಕೊಡಬೇಡಿ. ಅವರ ನಂಬರನ್ನು ದಾನಿಗೆ ಕೊಡಿ. ದಾನಿಯೇ ಫೋನ್ ಮಾಡಲಿ. ಇಷ್ಟು ಮಾಡಿದರೆ ಆಮೇಲೆ ವರ್ಷಗಟ್ಟಲೆ ಗುರುತಿಲ್ಲದವರ ಫೋನ್ ಬರುವುದು ತಪ್ಪುತ್ತದೆ.

ಸ್ಮರಣ ಸಂಚಿಕೆ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ. ಶೀಟನ್ನು ಮುಚ್ಚಬಹುದು, ಅಚ್ಚಾದ ಪುಸ್ತಕವನ್ನು ವಾಪಸ್ ತರಲಾಗದು. ಅದರ ಪಿಡಿಎಫ್ ಡಿಟಿಪಿ ಅಂಗಡಿಯ ವಾಟ್ಸಾಪ್‌ಗೆ ಹೋಗುತ್ತದೆ, ಅಲ್ಲಿಂದ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿಗೆ ಬೀಳುತ್ತದೆ, ಪಕ್ಕದಲ್ಲೇ ಇನ್ಯಾರದೋ ಮದುವೆ ಕಾರ್ಡು, ಇನ್ಯಾರದೋ ಆಧಾರ್ ಪ್ರತಿ ಇರುತ್ತವೆ, ಆ ಕಂಪ್ಯೂಟರಿನಲ್ಲಿ ದಿನವಿಡೀ ಯಾರು ಯಾರೋ ಪೆನ್‌ಡ್ರೈವ್ ಹಾಕುತ್ತಾರೆ. ಸಂಚಿಕೆಯಲ್ಲಿ ಹೆಸರು, ಬ್ಯಾಚು, ಊರು ಹಾಕಿ. ನಂಬರ್ ಹಾಕಲೇಬೇಕು ಅಂದರೆ ಒಪ್ಪಿಗೆ ಕೊಟ್ಟವರದ್ದು ಮಾತ್ರ ಹಾಕಿ. ಪ್ರತಿಕ್ರಿಯೆ ಕೊಡದೇ ಇದ್ದವರು ಒಪ್ಪಿದ್ದಾರೆ ಅಂತ ಅಂದುಕೊಳ್ಳಬೇಡಿ. ಅಚ್ಚು ಮುಗಿದ ದಿನ ಅಂಗಡಿಯಲ್ಲಿ ಎದುರಿಗೇ ನಿಂತು ಫೈಲ್ ಅಳಿಸಿಸಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಒಬ್ಬರು ಸ್ವಂತಕ್ಕೆ, ಮನೆ ಮಟ್ಟಿಗೆ ನಂಬರ್ ಇಟ್ಟುಕೊಂಡರೆ ಕಾಯ್ದೆ ತಟ್ಟುವುದಿಲ್ಲ. ಆದರೆ ನೋಂದಣಿ ಆಗದ ಜನರ ಕೂಟವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದ್ದರಿಂದ 'ನಮ್ಮದು ಸುಮ್ನೆ ಬಳಗ' ಅಂತ ಕೈತೊಳೆದುಕೊಳ್ಳಬೇಡಿ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ನಿಮ್ಮ ಸಹಪಾಠಿ ಕೇಳುತ್ತಿರುವುದೂ ಅದನ್ನೇ. ಒಪ್ಪಿಗೆ ಕೇಳುವಾಗ ಯಾವ ವಿವರ, ಯಾತಕ್ಕೆ ಅಂತ ತಿಳಿಸುವ ಸೂಚನೆಯನ್ನು ಕನ್ನಡದಲ್ಲೂ ಕೇಳಿ ಪಡೆಯುವ ಹಕ್ಕು ಜನರಿಗಿದೆ, ಹಾಗಾಗಿ ಅದನ್ನು ಕನ್ನಡದಲ್ಲೇ ಬರೆಯಿರಿ. ಹೀಗೆ ಬರೆದರೆ ಸಾಕು: 'ನಿಮ್ಮ ಹೆಸರು, ನಂಬರನ್ನು ಗುರುವಂದನೆಯ ವಿಷಯ ತಿಳಿಸಲು ಮಾತ್ರ ಬಳಸುತ್ತೇವೆ. ಇಂಥ ಇಬ್ಬರು ಮಾತ್ರ ನೋಡುತ್ತಾರೆ. ಕಾರ್ಯಕ್ರಮವಾದ ಮೂರು ತಿಂಗಳಿಗೆ ಅಳಿಸುತ್ತೇವೆ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಈ ನಂಬರಿಗೆ ತಿಳಿಸಿ.'

ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಅದು ತಪ್ಪಿದ್ದಲ್ಲ. ಬರೀ ಸೂಚನೆ ತಿಳಿಸುವುದಕ್ಕಾದರೆ ಕಮ್ಯುನಿಟಿ ಮಾಡಿ, ಅದರ ಪ್ರಕಟಣೆ ಗುಂಪಿನಲ್ಲಿ ಅಡ್ಮಿನ್‌ಗಳನ್ನು ಬಿಟ್ಟು ಉಳಿದ ಅಪರಿಚಿತ ಸದಸ್ಯರಿಗೆ ನಂಬರ್ ಕಾಣುವುದಿಲ್ಲ. ಪಟ್ಟಿಯನ್ನು ನಿಮ್ಮ ಸ್ವಂತ ಜಿಮೇಲ್‌ನಲ್ಲಿ ಇಡದೆ ಬಳಗಕ್ಕೇ ಒಂದು ಖಾತೆ ತೆರೆಯಿರಿ. ಪದಾಧಿಕಾರಿ ಬದಲಾದ ದಿನವೇ ಪಾಸ್‌ವರ್ಡೂ ಬದಲಾಗಲಿ.

ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಪುಟಗಳನ್ನು ನಂಬರ್ ತೆಗೆದು ನನಗೆ ಕಳಿಸಿ. ನೋಡಿಕೊಡುತ್ತೇನೆ.