ಶಿರಸಿ ಸೀಮೆಯ ಹಳ್ಳಿಗಳಲ್ಲಿ ಮನೆಗಳು ಅಷ್ಟು ದೂರ ದೂರ ಇರುವುದೇಕೆ?

ಊರಿನ ಫಲಕವಿದೆ, ಬೀದಿ ಮಾತ್ರ ಇಲ್ಲ ಎಂದು ಬರೆದಿದ್ದೀರಿ. ಅದಕ್ಕೆ ಮುಖ್ಯ ಕಾರಣ ಅಡಿಕೆ. ಅಡಿಕೆಗೆ ನೀರು, ನೆರಳು, ತಂಪು ಬೇಕು. ಹಾಗಾಗಿ ತೋಟ ಗುಡ್ಡಗಳ ನಡುವಿನ ಕಣಿವೆಯಲ್ಲಿ, ಮನೆ ಅದರ ಅಂಚಿನಲ್ಲಿ. ಕಣಿವೆ ಚಿಕ್ಕದಾದರೆ ಎರಡೋ ಮೂರೋ ಮನೆ. ಅಂಥವು ನಾಲ್ಕಾರು ಸೇರಿದರೆ ಊರು.

ಇದರ ಕೀಲಿರುವುದು ಮನೆಯ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ. ಅದು ಸ್ವಂತ ಆಸ್ತಿಯಲ್ಲ, ಅರಣ್ಯಭೂಮಿ. ಆದರೆ ಸೊಪ್ಪು, ತರಗೆಲೆ ತರುವ ಹಕ್ಕು ತೋಟದವರಿಗಿದೆ. ಬ್ರಿಟಿಷರ ಕಾಲದ ವ್ಯವಸ್ಥೆಯಂತೆ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ. ಸೊಪ್ಪು ಮೊದಲು ಕೊಟ್ಟಿಗೆಗೆ, ಸಗಣಿ ಬೆರೆತು ಗೊಬ್ಬರವಾದ ಮೇಲೆ ಅಡಿಕೆಯ ಬುಡಕ್ಕೆ. ಈ ಹೊರೆಯನ್ನು ತಲೆಯ ಮೇಲೆ ಸಾಗಿಸುವವರು ಬೆಟ್ಟ, ಕೊಟ್ಟಿಗೆ, ತೋಟ ಮೂರನ್ನೂ ಹತ್ತಿರ ಇಟ್ಟುಕೊಳ್ಳದೆ ಇನ್ನೇನು ಮಾಡಿಯಾರು?

ಮಳೆಗಾಲದಲ್ಲಿ ಬಂದರೆ, ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ಕೊನೆಗೌಡರು (ಮರವೇರಿ ಅಡಿಕೆ ಗೊನೆ ಇಳಿಸುವ ಕಸುಬಿನವರು) ಜಾರುವ ಮರವೇರಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನೂ ನೋಡಿ. ಪ್ರವಾಸಿಗರು ಜಲಪಾತಕ್ಕೇ ಓಡುತ್ತಾರೆ. ನನಗೆ ಈ ಕಸುಬೇ ಹೆಚ್ಚಿನದು. ಕೊಯ್ಲಿನ ಅಡಿಕೆ ಕೊನೆಗೆ ಸೇರುವುದು ಶಿರಸಿ ಪೇಟೆಯ ಸಹಕಾರಿ ಸಂಘಗಳ ಅಂಗಳಕ್ಕೆ. ‘ಶಿರಸಿ ಸುಪಾರಿ’ಗೆ 2019ರಲ್ಲಿ, ಈ ಸೀಮೆಯದೇ ವಿಶಿಷ್ಟ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ದೊರೆತಿದೆ.