ಓದುಗರ ಪ್ರಶ್ನೆ: ಅಸೀಮಾ ಚಟರ್ಜಿಯವರ ಸಂಸಾರ ಮತ್ತು ಸಂಶೋಧನೆ

ಪ್ರಶ್ನೆ: ರಸಾಯನ ವಿಜ್ಞಾನಿ ಅಸೀಮಾ ಚಟರ್ಜಿಯವರು ಎಳೆಯ ಮಗುವನ್ನು ಕರೆದುಕೊಂಡೇ ಅಮೆರಿಕಕ್ಕೆ ಹೋಗಿ ಸಂಶೋಧನೆ ನಡೆಸಿದರೆಂದು ಎಲ್ಲಿಯೋ ಓದಿದೆ. ಇದು ನಿಜವೇ? ಅವರ ಮನೆಯವರು ಯಾರು? ಮದುವೆಯಾದ ಮೇಲೆ ಓದು ಮುಂದುವರಿಸುವ ವಿಚಾರದಲ್ಲಿ ನನ್ನ ಮಗಳಿಗೆ ಅಳುಕಿದೆ, ಅದಕ್ಕಾಗಿ ಕೇಳುತ್ತಿದ್ದೇನೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. 1947ರಲ್ಲಿ ಅಸೀಮಾ ಅವರು ಎಳೆಯ ಮಗಳು ಜೂಲಿಯನ್ನೂ ಮಗುವನ್ನು ನೋಡಿಕೊಳ್ಳುವ ಆಯಾ ಒಬ್ಬರನ್ನೂ ಜೊತೆಗೆ ಕರೆದುಕೊಂಡು ಅಮೆರಿಕಕ್ಕೆ ಹೊರಟರು. ಮೊದಲು ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, ಆಮೇಲೆ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆ, ಕೊನೆಗೆ ನೊಬೆಲ್ ಪುರಸ್ಕೃತ ಪೌಲ್ ಕಾರರ್ ಅವರಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್, ಹೀಗೆ ಮೂರು ಕಡೆ ದುಡಿದು 1950ರಲ್ಲಿ ಕಲ್ಕತ್ತೆಗೆ ಮರಳಿದರು. ಮಗು ದೊಡ್ಡದಾಗಲಿ, ಆಮೇಲೆ ನೋಡೋಣ ಎಂದು ಕಾಯುತ್ತ ಕುಳಿತಿದ್ದರೆ ಆ ಅವಕಾಶ ಮತ್ತೆ ಒದಗುತ್ತಿರಲಿಲ್ಲವೆಂದೇ ನನ್ನ ಭಾವನೆ.

ಅವರು ಹುಟ್ಟಿದ್ದು 1917ರ ಸೆಪ್ಟೆಂಬರ್ 23ರಂದು, ಕಲ್ಕತ್ತೆಯಲ್ಲಿ. ತಂದೆ ಇಂದ್ರನಾರಾಯಣ ಮುಖರ್ಜಿಯವರು ವೈದ್ಯರು; ಗಿಡಮೂಲಿಕೆಗಳ ವಿಷಯದಲ್ಲಿ ಅವರಿಗಿದ್ದ ಆಸಕ್ತಿಯೇ ಮಗಳ ಜೀವಮಾನದ ಕೆಲಸಕ್ಕೆ ದಾರಿಯಾಯಿತು. ಹೆಣ್ಣುಮಕ್ಕಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1936ರಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜಿನಿಂದ ಆ ವಿಷಯದಲ್ಲಿ ಆನರ್ಸ್ ಪದವಿಯನ್ನೂ, 1938ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ ಪಡೆದರು. 1944ರಲ್ಲಿ ಡಾಕ್ಟರ್ ಆಫ್ ಸೈನ್ಸ್, ಅಂದರೆ ಡಿ.ಎಸ್‌ಸಿ. ಪದವಿಯೂ ಬಂತು, ಭಾರತದ ವಿಶ್ವವಿದ್ಯಾಲಯವೊಂದರಿಂದ ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರು.

ಮದುವೆಯಾದದ್ದು ಅದರ ಮರುವರ್ಷ. ಪತಿ ಬರದಾನಂದ ಚಟರ್ಜಿಯವರೂ ರಸಾಯನ ವಿಜ್ಞಾನಿಯೇ. ಭೌತ ರಸಾಯನಶಾಸ್ತ್ರ ಅವರ ಕ್ಷೇತ್ರ, ಶಿಬಪುರದ ಬಂಗಾಳ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಮದುವೆಯಾಗಿ ಎರಡೇ ವರ್ಷಕ್ಕೆ ಹೆಂಡತಿ ಮಗುವಿನೊಡನೆ ವಿದೇಶಕ್ಕೆ ಹೋಗಿ ವರ್ಷಗಟ್ಟಲೆ ಇರುವುದಕ್ಕೆ ಇಂದಿನ ಎಷ್ಟೋ ಮನೆಗಳಲ್ಲಿಯೂ ಸುಲಭವಾಗಿ ಒಪ್ಪಿಗೆ ಸಿಗಲಾರದು. ಆದ್ದರಿಂದ ಅಸೀಮಾ ಅವರ ಸಾಧನೆಯನ್ನು ಹೊಗಳುವಾಗ ಬರದಾನಂದರ ಹೆಸರನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ವೈದ್ಯರಾಗಿದ್ದ ತಮ್ಮ ಸರಸೀರಂಜನ ಮುಖರ್ಜಿಯವರೂ ಔಷಧಿ ಸಸ್ಯಗಳ ಅಧ್ಯಯನದಲ್ಲಿ ಅಕ್ಕನ ಜೊತೆಗಿದ್ದರು. ಮಗಳು ಜೂಲಿ ಮುಂದೆ ತಾಯಿಯ ವಿಷಯವಾದ ಸಾವಯವ ರಸಾಯನಶಾಸ್ತ್ರವನ್ನೇ ಆರಿಸಿಕೊಂಡರು.

ಅವರ ದಿನನಿತ್ಯದ ಕೆಲಸ ಎಂಥದ್ದೆಂದು ತಿಳಿದರೆ ಈ ಬೆಂಬಲದ ಬೆಲೆ ಅರ್ಥವಾಗುತ್ತದೆ. ಸರ್ಪಗಂಧಿಯಂಥ ಗಿಡದ ಬೇರನ್ನು ಒಣಗಿಸಿ, ಪುಡಿಮಾಡಿ, ಆಲ್ಕೊಹಾಲ್‌ನಲ್ಲಿ ನೆನೆಸಿ ಸಾರ ತೆಗೆಯಬೇಕು. ಆ ಸಾರಕ್ಕೆ ತೆಳುವಾದ ಆಮ್ಲವನ್ನು ಸೇರಿಸಿದರೆ, ಗಿಡಗಳಲ್ಲಿರುವ ಸಾರಜನಕಯುಕ್ತ ಪ್ರಬಲ ವಸ್ತುಗಳಾದ ಆಲ್ಕಲಾಯ್ಡ್‌ಗಳು ನೀರಿನಲ್ಲಿ ಕರಗುತ್ತವೆ, ಅಂಟು ಮತ್ತು ಕೊಬ್ಬು ಹೊರಗುಳಿಯುತ್ತವೆ. ಸೋಸಿದ ಮೇಲೆ ಅಮೋನಿಯ ಹಾಕಿ, ಕ್ಲೋರೊಫಾರ್ಮ್‌ನಲ್ಲಿ ಕುಲುಕಿ ಅವನ್ನು ಹೊರತೆಗೆಯಬೇಕು. ಇಷ್ಟಾದರೂ ಕೈಗೆ ಸಿಗುವುದು ಹಲವು ವಸ್ತುಗಳು ಬೆರೆತ ಕಂದು ಬಣ್ಣದ ಮುದ್ದೆ. ಅದನ್ನು ಅಲ್ಯುಮಿನಾ ತುಂಬಿದ ಗಾಜಿನ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿ ಬೇರ್ಪಡಿಸಿ, ಹರಳುಗಟ್ಟಿಸಿ, ಎಷ್ಟು ಶಾಖಕ್ಕೆ ಕರಗುತ್ತದೆಂದು ನೋಡಿ, ಅಣುವಿನ ರಚನೆಯನ್ನು ಒಂದೊಂದೇ ಕ್ರಿಯೆಯಿಂದ ಊಹಿಸಿ ಸಾಧಿಸಬೇಕು. ಇದರಲ್ಲಿ ವಾರ, ತಿಂಗಳುಗಳು ಕಳೆದುಹೋಗುತ್ತವೆ. ನಡುವೆ ಬಿಟ್ಟು ಎದ್ದುಹೋಗುವಂಥ ಕೆಲಸ ಇದಲ್ಲ.

1967ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯನ್ನೂ ಪತಿಯನ್ನೂ ಅವರು ಕಳೆದುಕೊಂಡರು, ತಾವೂ ತೀವ್ರ ಅನಾರೋಗ್ಯಕ್ಕೆ ತುತ್ತಾದರು. ಚೇತರಿಸಿಕೊಂಡು ಮತ್ತೆ ಪ್ರಯೋಗಾಲಯಕ್ಕೆ ಬಂದರು. 1962ರಿಂದ ವಹಿಸಿಕೊಂಡಿದ್ದ ಕಲ್ಕತ್ತಾ ವಿಶ್ವವಿದ್ಯಾಲಯದ ಖೈರಾ ಪ್ರಾಧ್ಯಾಪಕ ಪೀಠದಲ್ಲಿ 1982ರವರೆಗೂ ಮುಂದುವರಿದರು. 1975ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷರಾದರು. ತೀರಿಕೊಂಡದ್ದು 2006ರ ನವೆಂಬರ್‌ನಲ್ಲಿ.

ನಿಮ್ಮ ಮಗಳಿಗೆ ಇದನ್ನು ಹೇಳುವಾಗ, ಮಗುವನ್ನು ನೋಡಿಕೊಳ್ಳಲು ಅವರ ಜೊತೆಗೆ ಒಬ್ಬರಿದ್ದರು ಎಂಬುದನ್ನೂ ಮರೆಯದೆ ಹೇಳಿ. ಅಂಥ ನೆರವನ್ನು ಮದುವೆಗೆ ಮುಂಚೆಯೇ ಬಾಯಿಬಿಟ್ಟು ಕೇಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ.

ಪ್ರಶ್ನೆ: ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿಯನ್ನು ಕಂಡುಹಿಡಿದವರು ಇವರೇ ಅಲ್ಲವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಲ್ಲ. ಈ ಮಾತು ಬಹಳ ಕಡೆ ಅಚ್ಚಾಗಿದೆ, ಆದರೆ ಸರಿಯಲ್ಲ. ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಎಲೆಯಿಂದ 1958ರ ಸುಮಾರಿಗೆ ಕ್ಯಾನ್ಸರ್ ಔಷಧಿಯಾದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದವರು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್. ಅದೇ ಗುಂಪಿನ ಆಲ್ಕಲಾಯ್ಡ್‌ಗಳ ಬಗ್ಗೆ ಅಸೀಮಾ ಅವರೂ ದೀರ್ಘಕಾಲ ಕೆಲಸ ಮಾಡಿದರು. ಗೊಂದಲ ಹುಟ್ಟಿದ್ದು ಅಲ್ಲಿಂದ ಇರಬೇಕು. ಪರರ ಶ್ರೇಯಸ್ಸನ್ನು ತಂದು ಸೇರಿಸಬೇಕಾದ ಕೊರತೆ ಅವರಿಗಿಲ್ಲ. ನೀರು ನಿಂತ ಗದ್ದೆಯಲ್ಲಿ ಬೆಳೆಯುವ, ನಾಲ್ಕೆಲೆಯ ಮಾರ್ಸಿಲಿಯಾ ಎಂಬ ಜರಿಗಿಡವನ್ನು ಅಧ್ಯಯನ ಮಾಡಿ, ಮೂರ್ಛೆರೋಗಕ್ಕೆ ‘ಆಯುಷ್-56’ ಎಂಬ ಔಷಧಿಯನ್ನು ರೂಪಿಸಿದ ಕೆಲಸ ಅವರದೇ.