ಯಾರೂ ಕೇಳಲಿಲ್ಲ, ಅದಕ್ಕೆ ಯಾರೂ ಹೇಳಲಿಲ್ಲ

ಮುಧೋಳ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೋದ ವರ್ಷದ ಕಬ್ಬಿನ ಹಂಗಾಮಿನಲ್ಲಿ ಅವರ ಊರಿನ ರೈತರೊಬ್ಬರು ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ನೀರು ಬಿಡಲು ಹೋದರು. ಬೆಳಿಗ್ಗೆ ಕಬ್ಬಿನೊಳಗೆ ಹೆಣ ಸಿಕ್ಕಿತು. ಕೊಂದವರು ಇನ್ನೂ ಸಿಕ್ಕಿಲ್ಲ. 'ಇಡೀ ಊರಿಗೆ ಗೊತ್ತು, ಪೊಲೀಸರಿಗೆ ಮಾತ್ರ ಗೊತ್ತಿಲ್ಲ. ರೊಕ್ಕ ತಿಂದಾರ ಅಂತ ಎಲ್ಲರೂ ಅಂತಾರ. ನಂಬಿಕೆ ಹೆಂಗ ಇಡೂಣು?' ಅಂತ ಕೇಳಿದ್ದಾರೆ.

ಅಣ್ಣಾರೇ, ಮೊದಲು ಒಂದು ಬೇಸರ. ಪತ್ರದಲ್ಲಿ ನೀವು ಇಬ್ಬರ ಹೆಸರು ಬರೆದಿದ್ದೀರಿ. ಎರಡನ್ನೂ ತೆಗೆದಿದ್ದೇನೆ. ಚಹಾದಂಗಡಿಯಲ್ಲಿ ಹುಟ್ಟಿದ ಹೆಸರು ಅಚ್ಚಾದರೆ ಆ ಮನೆಯ ಹೆಣ್ಣುಮಗಳ ಸಂಬಂಧ ಮುರಿಯುತ್ತೆ. ನಾಳೆ ನಿಜವಾದ ಕೊಲೆಗಾರ ಸಿಕ್ಕರೂ ಅದು ಕೂಡೋದಿಲ್ಲ.

ಪೊಲೀಸರ ಕಷ್ಟವೂ ಸುಳ್ಳಲ್ಲ. ಜನ ಕಡಿಮೆ, ಕೆಲಸ ಜಾಸ್ತಿ. ಹಳ್ಳಿಗಳಲ್ಲಿ ಟವರ್ ಡಂಪ್, ಅಂದರೆ ಆ ಹೊತ್ತಿಗೆ ಒಂದು ಮೊಬೈಲ್ ಟವರ್‌ಗೆ ಸಿಕ್ಕ ನಂಬರುಗಳ ಪಟ್ಟಿ, ತೆಗೆದರೂ ಸುತ್ತಲ ಊರಿನವರ ನಂಬರೆಲ್ಲ ಅದರಲ್ಲೇ ಇರುತ್ತವೆ. ಒಪ್ಪಿದೆ.

ಆದರೆ ನಿಮ್ಮ ಊರಿನ ಅನುಮಾನವನ್ನು ಗಾಳಿಸುದ್ದಿ ಅಂತ ತಳ್ಳಿಹಾಕೋರ ಜೊತೆ ನಾನಿಲ್ಲ. ಠಾಣೆ ತಿಂಗಳುಗಟ್ಟಲೆ ಬಾಯಿ ಬಿಡದಿದ್ದರೆ ಊರು ತಾನೇ ಕತೆ ಕಟ್ಟುತ್ತೆ. ಅದು ಊರಿನ ತಪ್ಪಲ್ಲ.

ನಾನು ವರದಿಗಾರನಾಗಿದ್ದಾಗ ಘಟಪ್ರಭಾ ದಂಡೆಯ ಒಂದು ಠಾಣೆಗೆ ಸಂತೆಯ ದಿನ ತಪ್ಪದೆ ಒಬ್ಬ ಆಯಿ ಬರುತ್ತಿದ್ದರು. ಮಗನ ಕೊಲೆಯಾಗಿ ಎರಡು ವರ್ಷ ದಾಟಿತ್ತು. ಸೊಪ್ಪು ಮಾರಿ, ಖಾಲಿ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಬೇವಿನ ಗಿಡದ ಕೆಳಗೆ ಕೂರುತ್ತಿದ್ದರು. 'ತನಿಖೆ ನಡದೈತಿ ಆಯಿ, ಹೋಗು' ಅಂದರೆ ಎದ್ದು ಹೋಗುವರು. ಒಂದು ದಿನ ಸೆರಗಿನ ಗಂಟು ಬಿಚ್ಚಿ ಎಫ್‌ಐಆರ್ ಪ್ರತಿ ನನ್ನ ಕೈಗೆ ಕೊಟ್ಟರು. ಮಡಚಿ ಮಡಚಿ ಮಡಿಕೆಯಲ್ಲೆಲ್ಲ ತೂತು ಬಿದ್ದಿತ್ತು. 'ಇದರಾಗ ನನ್ನ ಮಗನ ಹೆಸರು ಐತೇನ್ರಿ ಯಪ್ಪಾ?' ಅಂದರು. ಎರಡು ವರ್ಷದಲ್ಲಿ ಅದನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ಮಾತಿನ ನಡುವೆ ಇನ್ನೊಂದು ವಿಷಯ ಬಂತು. ಆ ದಿನ ನಸುಕಿನಲ್ಲಿ ಒಬ್ಬ ಕಾಲುವೆಯಲ್ಲಿ ಕೈಕಾಲು ತೊಳೆಯುವುದನ್ನು ಬಯಲಕಡೆಗೆ ಹೋದ ಓಣಿಯ ಹೆಂಗಸೊಬ್ಬಳು ನೋಡಿದ್ದಳಂತೆ. ಪೊಲೀಸರಿಗೆ ಹೇಳಲಿಲ್ವಾ ಅಂದೆ. 'ಕೇಳಿದ್ರ ಹೇಳ್ತಿದ್ಲು. ಯಾರೂ ಕೇಳಲಿಲ್ಲ.'

ಪೊಲೀಸರು ಸ್ಥಳದಲ್ಲಿ ಕಂಡದ್ದನ್ನು ಬರೆದುಕೊಳ್ಳುವ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದವರು ಕಟ್ಟೆಯ ಮೇಲಿದ್ದ ಗಂಡಸರು. ನಸುಕಿನಲ್ಲಿ ಯಾರು ಎತ್ತ ಹೋದರು, ಯಾವ ಮನೆಯಲ್ಲಿ ಆ ರಾತ್ರಿ ದೀಪ ಆರಲಿಲ್ಲ ಅನ್ನೋದು ಹೆಂಗಸರಿಗೆ ಗೊತ್ತಿರುತ್ತೆ, ಆದರೆ ಅವರ ಬಾಗಿಲಿಗೆ ಹೋಗಿ ಕೂತು ಕೇಳುವ ಪುರುಸೊತ್ತು ಯಾರಿಗಿದೆ?

ಪುರುಸೊತ್ತು ಯಾಕಿಲ್ಲ ಅಂದರೆ, ತನಿಖೆ ಮಾಡೋರೂ ಬಂದೋಬಸ್ತಿಗೆ ನಿಲ್ಲೋರೂ ಒಬ್ಬರೇ. ಈ ಎರಡು ಕೆಲಸ ಬೇರೆ ಮಾಡಿ ಅಂತ ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಹಳ್ಳಿ ಠಾಣೆಗೆ ಹೋಗಿ ನೋಡಿ, ಅದೇ ಪಿಎಸ್ಐ ಇವತ್ತು ಕೊಲೆ ಕೇಸು, ನಾಳೆ ಗಣಪತಿ ಮೆರವಣಿಗೆ, ನಾಡಿದ್ದು ಮಂತ್ರಿಗಳ ಕಾರ್ಯಕ್ರಮ. ಬೆಳಗಾವಿಯಲ್ಲಿ ಅಧಿವೇಶನ ಶುರುವಾದರೆ ಬೇರೆ ಜಿಲ್ಲೆಗಳಿಂದಲೂ ಪೊಲೀಸರು ಅಲ್ಲಿಗೆ. ಸದನದಲ್ಲಿ ಉತ್ತರ ಕರ್ನಾಟಕದ ಬಗ್ಗೆ ಭಾಷಣ ಮಾಡುವವರು, ಅದೇ ಹೊತ್ತಿಗೆ ನಮ್ಮ ಠಾಣೆಯಲ್ಲಿ ಯಾವ ಫೈಲು ನಿಂತಿದೆ ಅಂತಲೂ ಒಮ್ಮೆ ಕೇಳಬೇಕಲ್ವಾ? ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನದವರು ಸ್ಥಳಕ್ಕೆ ಬರಲೇಬೇಕು ಅಂತ ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷ ಕೊಟ್ಟಿದ್ದಾರೆ. ಅಷ್ಟರಲ್ಲಿ ಎಷ್ಟು ಬದುವಿನ ಹೆಜ್ಜೆ ಗುರುತು ಜನರ ಕಾಲಡಿ ಅಳಿಯುತ್ತವೋ.

ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲೇ ಕೊಂದರು. ವರ್ಷಗಟ್ಟಲೆ ಕೇಸು ಅಲುಗಲಿಲ್ಲ. ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿಗೆ ಹೋದರು. 2019ರಲ್ಲಿ ಗೌರಿ ಲಂಕೇಶ್ ಹತ್ಯೆಯ ತನಿಖೆ ಮಾಡುತ್ತಿದ್ದ ತಂಡಕ್ಕೇ ಈ ಕೇಸೂ ಸಿಕ್ಕಿತು, ಅದೇ ವರ್ಷ ಆರೋಪಪಟ್ಟಿ ಬಂತು. ಅಷ್ಟು ದೊಡ್ಡ ವಿದ್ವಾಂಸರ ಮನೆಯವರೇ ಕೇಳುತ್ತಲೇ ಇರಬೇಕಾಯಿತು. ಹಾಗಿರುವಾಗ ಕಬ್ಬಿನ ಹೊಲದ ರೈತನ ಹೆಂಡತಿ ಯಾರನ್ನು ಕೇಳಬೇಕು?

ಅವರಿಗೆ ಇದನ್ನು ಹೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಅದೇ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೋ ಸಂತ್ರಸ್ತರಿಗೋ ಪೊಲೀಸರೇ ತಿಳಿಸಬೇಕು. ಪತ್ತೆಯಾಗಲಿಲ್ಲ ಅಂತ 'ಸಿ' ರಿಪೋರ್ಟ್ ಹಾಕಿದರೂ ಕತೆ ಮುಗಿಯೋದಿಲ್ಲ. ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ತನಿಖೆ ಮಾಡಬಹುದು. ಕೊಲೆ ಕೇಸಿಗೆ ಕಾಲಮಿತಿ ಇಲ್ಲ.

ಆ ರೈತನ ಹೆಂಡತಿಯನ್ನು ಕರೆದುಕೊಂಡು ಠಾಣೆಗೆ ಹೋಗಿ, ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಅಲ್ಲಿ ಉತ್ತರ ಸಿಗದಿದ್ದರೆ ಬಾಗಲಕೋಟೆ ನವನಗರದ ಎಸ್‌ಪಿ ಕಚೇರಿಗೆ ಹೋಗಿ. ನನಗೆ ಬರೆದ ಆ ಎರಡು ಹೆಸರು ಯಾಕೆ ಬಂದವು, ಯಾರು ಏನು ಕಣ್ಣಾರೆ ಕಂಡರು ಅನ್ನೋದನ್ನು ತನಿಖಾಧಿಕಾರಿಗೇ ಹೇಳಿ. ಓಣಿಯ ಹೆಂಗಸರನ್ನೂ ಕೇಳಿಕೊಂಡು ಹೋಗಿ. ಸಾಹೇಬರು ಏನಂದರು ಅಂತ ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ